ಗೇಜು 75 ಪಿಎಸ್‌ಐ ತೋರಿಸಿತು, ಪಂಪು ಸಾಲಲಿಲ್ಲ: ಎಲೆಕ್ಟ್ರಿಕ್ ಆಯಿಲ್ ಪಂಪೊಂದರ ಬೆಂಚ್ ಪರೀಕ್ಷೆ

ಎಂಜಿನ್ 1.8 ಲೀಟರಿನದು, ನಾಲ್ಕು ಸಿಲಿಂಡರ್, ಪೆಟ್ರೋಲ್, ಟರ್ಬೊ (ಹೊರಹೋಗುವ ಹೊಗೆಯ ಬಲದಿಂದ ತಿರುಗಿ ಎಂಜಿನ್ನಿಗೆ ಹೆಚ್ಚು ಗಾಳಿ ತಳ್ಳುವ ಚಕ್ರ) ಇದೆ. ಕಾರು ರೇಸ್ ಟ್ರ್ಯಾಕಿಗೆ ಸಿದ್ಧವಾಗುತ್ತಿತ್ತು. ಕ್ರ್ಯಾಂಕಿನ (ಪಿಸ್ಟನ್ನುಗಳು ತಿರುಗಿಸುವ ಮುಖ್ಯ ದಂಡದ) ಮುಂತುದಿಯಲ್ಲಿ ಕೂತ ಮೆಕ್ಯಾನಿಕಲ್ ಆಯಿಲ್ ಪಂಪನ್ನು ಕಿತ್ತುಹಾಕಿ, ಅದರ ಕೆಲಸವನ್ನೆಲ್ಲ 12 ವೋಲ್ಟಿನ ಎಲೆಕ್ಟ್ರಿಕ್ ಪಂಪಿಗೆ ವಹಿಸಬೇಕೆಂಬುದು ಯೋಜನೆ. ಕಾರು ಸಿದ್ಧಮಾಡುತ್ತಿದ್ದವರು ಅದಕ್ಕೆ ಮೂರು ಕಾರಣ ಕೊಟ್ಟಿದ್ದರು. ಸ್ಟಾರ್ಟ್ ಮಾಡುವ ಮೊದಲೇ ಬೇರಿಂಗಿಗೆ ಆಯಿಲ್ ತಲುಪುತ್ತದೆ. ಎಂಜಿನ್ ನಿಲ್ಲಿಸಿದ ಮೇಲೂ ಕಾದ ಟರ್ಬೊಗೆ ಆಯಿಲ್ ಹರಿಯುತ್ತದೆ. ಕ್ರ್ಯಾಂಕಿನ ಮೇಲಿನ ಹೊರೆ ಇಳಿಯುತ್ತದೆ. ಮೊದಲೆರಡು ಒಪ್ಪತಕ್ಕ ಮಾತು. ಮೂರನೆಯದರ ಲೆಕ್ಕ ಮುಂದೆ ಬರುತ್ತದೆ.

ಪಂಪು ಜೆರೋಟರ್ ಮಾದರಿಯದು: ಒಳಗೊಂದು ಹಲ್ಲಿನ ಚಕ್ರ, ಅದರ ಸುತ್ತ ಒಂದು ಹಲ್ಲು ಹೆಚ್ಚಿರುವ ಇನ್ನೊಂದು ಚಕ್ರ. ಒಂದು ಸುತ್ತಿಗೆ 10 ಸಿಸಿ ಎತ್ತುತ್ತದೆ. ತಿರುಗಿಸುವುದು ಬ್ರಷ್ ಇರುವ, ಫೆರೈಟ್ ಅಯಸ್ಕಾಂತದ ಡಿಸಿ ಮೋಟರ್. ಒತ್ತಡ ಮಿತಿ ಮೀರಿದರೆ ಆಯಿಲನ್ನು ವಾಪಸ್ ಬಿಡುವ ರಿಲೀಫ್ ವಾಲ್ವ್ ಪಂಪಿನೊಳಗೇ ಇದೆ. ಲೇಬಲ್ಲಿನ ಮೇಲೆ ಎರಡೇ ಅಂಕಿ: ನಿಮಿಷಕ್ಕೆ 10 ಗ್ಯಾಲನ್, 75 ಪಿಎಸ್‌ಐ. ಅಮೆರಿಕದ ಗ್ಯಾಲನ್ ಎಂದುಕೊಂಡರೆ ನಿಮಿಷಕ್ಕೆ ಸುಮಾರು 38 ಲೀಟರ್; ಒತ್ತಡದ ಅಂಕಿ 75 ಎಂಬುದು 5.2 ಬಾರ್. ಬ್ರಿಟನ್ನಿನ ಗ್ಯಾಲನ್ ಆದರೆ ಅದೇ 10 ಎಂಬುದು 45 ಲೀಟರ್ ದಾಟುತ್ತದೆ. ಯಾವ ಗ್ಯಾಲನ್ ಎಂದು ಲೇಬಲ್ ಹೇಳುವುದಿಲ್ಲ. ಈ ಎರಡು ಅಂಕಿಗಳು ಒಟ್ಟಿಗೆ ಸಿಗುತ್ತವೆಯೇ ಎಂಬುದನ್ನೂ ಹೇಳುವುದಿಲ್ಲ. ಗೊಂದಲಕ್ಕೆಲ್ಲ ಮೂಲ ಈ ಎರಡನೆಯದು.

ಮೊದಲ ಪರೀಕ್ಷೆ ಏನು ಹೇಳಿತು, ಏನು ಹೇಳಲಿಲ್ಲ

ಪಂಪನ್ನು ಬೆಂಚಿಗೆ ಬಿಗಿದು, ಡಬ್ಬದಲ್ಲಿ ಹೊಸ 10ಡಬ್ಲ್ಯು-40 ಆಯಿಲ್ ಇಟ್ಟು, ಔಟ್‌ಲೆಟ್ಟಿಗೆ ಗೇಜು ಹಾಕಿ, ಮುಂದಿನ ವಾಲ್ವ್ ಪೂರ್ತಿ ಮುಚ್ಚಿ ಬ್ಯಾಟರಿಗೆ ಜೋಡಿಸಿದ್ದರು. ಗೇಜಿನ ಮುಳ್ಳು ನೇರವಾಗಿ 75ಕ್ಕೆ ಹೋಗಿ ನಿಂತಿತು. ಲೇಬಲ್ಲಿನ ಅಂಕಿಗೂ ಗೇಜಿನ ಅಂಕಿಗೂ ಕೂದಲಷ್ಟೂ ವ್ಯತ್ಯಾಸವಿಲ್ಲ. ಪಂಪು ಸರಿಯಾಗಿದೆ ಎಂಬ ತೀರ್ಮಾನಕ್ಕೆ ಆಧಾರ ಇಷ್ಟೇ.

ಆಗ ಅಳತೆಗೆ ಸಿಕ್ಕಿದ್ದು ರಿಲೀಫ್ ವಾಲ್ವಿನ ಸ್ಪ್ರಿಂಗ್ ಮಾತ್ರ. ಹೊರಗೆ ಹೋಗಲು ದಾರಿಯಿಲ್ಲದ ಆಯಿಲ್ ಸ್ಪ್ರಿಂಗನ್ನು ತಳ್ಳಿ ಮತ್ತೆ ಇನ್‌ಲೆಟ್ಟಿಗೇ ಸೇರುತ್ತದೆ. ಸ್ಪ್ರಿಂಗ್ 5.2 ಬಾರಿಗೆ ಕಟ್ಟಿದ್ದರೆ ಗೇಜೂ 5.2 ತೋರಿಸುತ್ತದೆ. ಅರ್ಧ ಸವೆದ ಪಂಪೂ ಹಾಗೇ ತೋರಿಸೀತು. ನಲ್ಲಿಯ ಬಾಯಿಗೆ ಹೆಬ್ಬೆರಳೊತ್ತಿ ನೀರಿನ ಜೋರು ನೋಡಿದ ಹಾಗೆ ಇದು. ಜೋರು ತಿಳಿಯುತ್ತದೆ, ಬಕೆಟ್ ತುಂಬಲು ಎಷ್ಟು ಹೊತ್ತು ಬೇಕೆಂಬುದು ತಿಳಿಯುವುದಿಲ್ಲ. ಪಂಪು ಕೊಡುವುದು ಹರಿವನ್ನು. ಒತ್ತಡ ಹುಟ್ಟುವುದು ಆ ಹರಿವಿಗೆ ಎದುರಾಗುವ ಅಡ್ಡಿಯಿಂದ. ಎಂಜಿನ್ನಿನಲ್ಲಿ ಆ ಅಡ್ಡಿ ಎಂದರೆ ಬೇರಿಂಗುಗಳ ಸಂದು, ಟರ್ಬೊದ ಸಣ್ಣ ರಂಧ್ರ, ಪಿಸ್ಟನ್ನಿಗೆ ಚಿಮ್ಮುವ ಜೆಟ್‌ಗಳು. ಹಾಗಾಗಿ ಕೇಳಬೇಕಾದ ಪ್ರಶ್ನೆ ಒಂದೇ: ಇಷ್ಟು ಬಿಸಿಯ ಆಯಿಲ್ ಇರುವಾಗ, ಮೋಟರಿನ ಟರ್ಮಿನಲ್ಲಿಗೆ ಇಷ್ಟು ವೋಲ್ಟ್ ಸಿಗುವಾಗ, ಇಷ್ಟು ಒತ್ತಡದಲ್ಲಿ ಪಂಪು ನಿಮಿಷಕ್ಕೆ ಎಷ್ಟು ಲೀಟರ್ ದಾಟಿಸುತ್ತದೆ? ಈ ನಾಲ್ಕರಲ್ಲಿ ಒಂದನ್ನು ಬರೆದಿಡದಿದ್ದರೂ ಉಳಿದ ಮೂರಕ್ಕೆ ಬೆಲೆಯಿಲ್ಲ.

ಬೆಂಚಿನ ಜೋಡಣೆ

20 ಲೀಟರಿನ ಉಕ್ಕಿನ ಟ್ಯಾಂಕು, ಅದರಲ್ಲಿ 15 ಲೀಟರ್ ಆಯಿಲ್. ಮಧ್ಯೆ ಒಂದು ಅಡ್ಡತಗಡು: ಒಂದು ಬದಿಗೆ ವಾಪಸ್ ಬರುವ ಆಯಿಲ್, ಇನ್ನೊಂದು ಬದಿಯಿಂದ ಪಂಪಿಗೆ ಹೋಗುವ ಆಯಿಲ್. ಸಕ್ಷನ್ ಪೈಪಿನ ಬಾಯಿಗೆ ಒರಟು ಜಾಲರಿ. ಇಲ್ಲಿ ನಯವಾದ ಫಿಲ್ಟರ್ ಹಾಕಬಾರದು, ತಣ್ಣಗಿನ ಆಯಿಲಿನಲ್ಲಿ ಅದೊಂದೇ ಪಂಪಿನ ಉಸಿರು ಕಟ್ಟಿಸಲು ಸಾಕು.

ಇನ್‌ಲೆಟ್ಟಿಗೆ ಅಂಟಿಕೊಂಡಂತೆ ಒಂದು ವ್ಯಾಕ್ಯೂಮ್ ಗೇಜು, ಸೊನ್ನೆಯಿಂದ ಮೈನಸ್ 1 ಬಾರ್ ವರೆಗೆ. ಹೆಚ್ಚಿನವರು ಬಿಡುವುದು ಇದನ್ನೇ, ಈ ಪ್ರಕರಣದಲ್ಲಿ ಹೆಚ್ಚು ಕಲಿಸಿದ್ದೂ ಇದೇ. ಔಟ್‌ಲೆಟ್ಟಿನಲ್ಲಿ ಗ್ಲಿಸರಿನ್ ತುಂಬಿದ 0–10 ಬಾರಿನ ಗೇಜು, ಪಕ್ಕದಲ್ಲೇ ಉಷ್ಣತೆಯ ಸೆನ್ಸರ್, ಆಮೇಲೆ 7 ಬಾರಿಗೆ ಹೊಂದಿಸಿದ ಪ್ರತ್ಯೇಕ ಸುರಕ್ಷತಾ ರಿಲೀಫ್ ವಾಲ್ವ್. ಅಡ್ಡಿಗೆ ನೀಡಲ್ ವಾಲ್ವ್. ಬಾಲ್ ವಾಲ್ವ್ ಇದಕ್ಕೆ ಆಗದು, ಹಿಡಿ ಕೂದಲೆಳೆಯಷ್ಟು ತಿರುಗಿದರೂ ಒತ್ತಡ ಎರಡು ಬಾರ್ ಜಿಗಿಯುತ್ತದೆ. ಕೊನೆಗೆ ಗೇರ್ ಮಾದರಿಯ ಫ್ಲೋ ಮೀಟರ್. ಟರ್ಬೈನ್ ಮಾದರಿಯದು ಅಗ್ಗವೇನೋ ಹೌದು, ಆದರೆ ಆಯಿಲಿನ ದಪ್ಪ ಬದಲಾದಂತೆ ಅದರ ಅಂಕಿಯೂ ಬದಲಾಗುತ್ತದೆ. 25 ಡಿಗ್ರಿಯಿಂದ 90ಕ್ಕೆ ಹೋಗುವಷ್ಟರಲ್ಲಿ ಈ ಆಯಿಲಿನ ಸ್ನಿಗ್ಧತೆ ಹತ್ತನೇ ಒಂದಕ್ಕೆ ಇಳಿಯುವಾಗ (ಸುಮಾರು 190 ಸೆಂಟಿಸ್ಟೋಕ್‌ನಿಂದ 18ಕ್ಕೆ) ಅಂಥ ಮೀಟರನ್ನು ನಂಬಲಾಗದು.

ವಿದ್ಯುತ್ತಿಗೆ 13.5 ವೋಲ್ಟಿಗೆ ನಿಲ್ಲಿಸಬಲ್ಲ 60 ಆಂಪಿಯರಿನ ಸಪ್ಲೈ, ಅದರ ಜೊತೆಗೆ ಸಮಾನಾಂತರವಾಗಿ ಒಂದು ಕಾರ್ ಬ್ಯಾಟರಿ. ಬ್ಯಾಟರಿ ಬೇಕಾದದ್ದು ಶುರುವಿನ ಎಳೆತಕ್ಕೆ. ಮೋಟರ್ ನಿಂತಿರುವಾಗ ಅದರ ಕಾಯಿಲಿನ ಅಡ್ಡಿ ಇಲ್ಲಿ 0.08 ಓಮ್, ಅಂದರೆ ಸ್ವಿಚ್ ಒತ್ತಿದ ಕ್ಷಣದಲ್ಲಿ ನೂರು ಆಂಪಿಯರಿಗೂ ಹೆಚ್ಚು ಎಳೆಯುತ್ತದೆ. ಬರೀ ಸಪ್ಲೈ ಇದ್ದರೆ ಅದು ತನ್ನನ್ನು ತಾನೇ ಆಫ್ ಮಾಡಿಕೊಳ್ಳುತ್ತದೆ. ಬ್ಯಾಟರಿಯ ಪಾಸಿಟಿವ್‌ಗೆ ಹತ್ತಿರದಲ್ಲೇ 60 ಆಂಪಿಯರ್ ಫ್ಯೂಸ್, ಕೈಗೆಟುಕುವಲ್ಲಿ ಕಟ್-ಆಫ್ ಸ್ವಿಚ್. ಕರೆಂಟ್ ಅಳೆಯಲು ಶಂಟ್ (ಅಡ್ಡಿ ನಿಖರವಾಗಿ ಗೊತ್ತಿರುವ ಲೋಹದ ಪಟ್ಟಿ). ವೋಲ್ಟ್ ಮೀಟರಿನ ಎರಡು ತಂತಿಗಳನ್ನು ಜೋಡಿಸಬೇಕಾದದ್ದು ಪಂಪಿನ ಟರ್ಮಿನಲ್ಲಿಗೆ, ಬ್ಯಾಟರಿಗಲ್ಲ.

ಪೋಲಾರಿಟಿ ಒಮ್ಮೆ ಪರೀಕ್ಷಿಸಿಯೇ ಜೋಡಿಸಿ. ಬ್ರಷ್ ಮೋಟರ್ ಉಲ್ಟಾ ಜೋಡಣೆಗೆ ಸುಟ್ಟುಹೋಗುವುದಿಲ್ಲ, ಉಲ್ಟಾ ತಿರುಗುತ್ತದೆ ಅಷ್ಟೇ, ಪಂಪು ಔಟ್‌ಲೆಟ್ಟಿನಿಂದ ಹೀರಲು ಶುರುಮಾಡುತ್ತದೆ. ಬ್ರಷ್ ಇಲ್ಲದ ಪಂಪಾದರೆ ಕತೆ ಬೇರೆ: ಒಳಗಿನ ಎಲೆಕ್ಟ್ರಾನಿಕ್ಸ್ ಕ್ಷಣದಲ್ಲಿ ಹೋಗಬಹುದು. ಅಂಥವುಗಳಲ್ಲಿ ಹಲವಕ್ಕೆ ವೋಲ್ಟ್ ಕೊಟ್ಟರೆ ಸಾಲದು, ಸಿಗ್ನಲ್ ತಂತಿಗೆ ಪಲ್ಸ್ ಕೊಡದೆ ತಿರುಗುವುದೇ ಇಲ್ಲ. ಚೆನ್ನಾಗಿರುವ ಪಂಪು ಕೆಟ್ಟಿದೆ ಎಂದು ಎಸೆಯುವುದು ಹೀಗೆಯೇ.

ಹೀಟರಿನ ಬಗ್ಗೆ ಒಂದು ಮಾತು. 1.5 ಕಿಲೋವ್ಯಾಟಿನದು 15 ಲೀಟರನ್ನು 25ರಿಂದ 90 ಡಿಗ್ರಿಗೆ ಏರಿಸಲು ಸುಮಾರು 25 ನಿಮಿಷ ತೆಗೆದುಕೊಳ್ಳುತ್ತದೆ. ಆಯಿಲ್ ಹರಿಯುತ್ತಿರುವಾಗ ಮಾತ್ರ ಹೀಟರ್ ಆನ್ ಮಾಡಬೇಕು. ನಿಂತ ಆಯಿಲಿನಲ್ಲಿ ಹೀಟರಿನ ಮೈಗೆ ತಾಗಿದ ಪದರ ಸೀದು ಕಪ್ಪಾಗುತ್ತದೆ, ಟ್ಯಾಂಕಿನ ಥರ್ಮಾಮೀಟರ್ ಮಾತ್ರ 60 ಎಂದು ಹೇಳುತ್ತಿರುತ್ತದೆ. ಹೊರಗಿನಿಂದ ಗುಳ್ಳೆ ಕಾಣಲೆಂದು ಪಾರದರ್ಶಕ ಪಿವಿಸಿ ಪೈಪನ್ನು ಹಾಕುವ ರೂಢಿಯಿದೆ. ಬಿಸಿ ಆಯಿಲಿಗೆ ಅದು ಮೆತ್ತಗಾಗಿ ಕ್ಲಿಪ್ಪಿನಿಂದ ಜಾರುತ್ತದೆ. ಗಾಜಿನ ಕಿಂಡಿಯೇ ಸರಿ. 4 ಬಾರಿನಲ್ಲಿ 90 ಡಿಗ್ರಿಯ ಆಯಿಲ್ ಚಿಮ್ಮಿದರೆ ಚರ್ಮ ಸುಡುತ್ತದೆ, ಕನ್ನಡಕ ಮತ್ತು ತೋಳು ಮುಚ್ಚುವ ಬಟ್ಟೆ ಇಲ್ಲದೆ ಬೆಂಚಿನ ಹತ್ತಿರ ನಿಲ್ಲಬಾರದು.

ತಣ್ಣಗಿನ ಆಯಿಲಿನಲ್ಲಿ: 14 ಲೀಟರ್, ಮತ್ತು ಒಂದು ಕಿರುಚಾಟ

ಮೊದಲ ಓಟಕ್ಕೆ ಪೈಪು ಮತ್ತು ವೈರುಗಳನ್ನು ಬೇಕೆಂದೇ ಬದಲಿಸಲಿಲ್ಲ, ಕಾರಿನಲ್ಲಿ ಹಾಕಲು ಹೊರಟಿದ್ದವನ್ನೇ ಉಳಿಸಿಕೊಳ್ಳಲಾಯಿತು. ಸಕ್ಷನ್ ಹೋಸಿನ ಒಳವ್ಯಾಸ 12.7 ಮಿಮೀ, ಉದ್ದ 1 ಮೀಟರ್. ವೈರ್ 2.5 ಚದರ ಮಿಮೀ, ಹೋಗಲು 3 ಮೀಟರ್, ಬರಲು 3 ಮೀಟರ್. ಸಪ್ಲೈ ಇಲ್ಲದೆ ಬ್ಯಾಟರಿ ಮಾತ್ರ. ಆಯಿಲ್ 25 ಡಿಗ್ರಿ. ನೀಡಲ್ ವಾಲ್ವ್ ತಿರುಗಿಸಿ ಒತ್ತಡವನ್ನು 3 ಬಾರಿಗೆ ನಿಲ್ಲಿಸಿದಾಗ:

ಹರಿವು ನಿಮಿಷಕ್ಕೆ 14 ಲೀಟರ್. ಕರೆಂಟ್ 38 ಆಂಪಿಯರ್. ಬ್ಯಾಟರಿಯ ಮೇಲೆ 12.1 ವೋಲ್ಟ್, ಪಂಪಿನ ಟರ್ಮಿನಲ್ಲಿನಲ್ಲಿ 10.1. ಇನ್‌ಲೆಟ್ ಗೇಜು ಮೈನಸ್ 0.65 ಬಾರ್. ಗೇಜಿನ ಮುಳ್ಳು ನಡುಗುತ್ತಿತ್ತು, ಪಂಪಿನೊಳಗೆ ಸಣ್ಣ ಜಲ್ಲಿಕಲ್ಲು ಉರುಳುವಂಥ ಸದ್ದು, ಕಿಂಡಿಯಲ್ಲಿ ಹಾಲಿನ ಬಣ್ಣದ ಆಯಿಲ್.

38 ಲೀಟರಿನ ಪಂಪು 14 ಕೊಟ್ಟರೆ ಪಂಪನ್ನೇ ಬೈಯುವುದು ಸಹಜ. ಆದರೆ ಇಲ್ಲಿ ಎರಡು ಕಳ್ಳರಿದ್ದಾರೆ, ಇಬ್ಬರೂ ಪಂಪಿನ ಹೊರಗೇ ಇದ್ದಾರೆ. ಇಬ್ಬರನ್ನೂ ಒಟ್ಟಿಗೆ ಓಡಿಸಿದರೆ ಯಾರು ಎಷ್ಟು ಕದ್ದರೆಂದು ತಿಳಿಯದು, ಆದ್ದರಿಂದ ಒಂದೊಂದಾಗಿ ಬದಲಿಸಲಾಯಿತು.

ಮೊದಲು ಸಕ್ಷನ್. ಪಂಪು ಆಯಿಲನ್ನು ಎಳೆಯುವುದಿಲ್ಲ. ಇನ್‌ಲೆಟ್ಟಿನಲ್ಲಿ ಒತ್ತಡ ಇಳಿಸಿ ಜಾಗ ಬಿಡುತ್ತದೆ, ಟ್ಯಾಂಕಿನ ಮೇಲಿನ ಗಾಳಿಯ ಒತ್ತಡ ಆಯಿಲನ್ನು ಆ ಜಾಗಕ್ಕೆ ತಳ್ಳುತ್ತದೆ. ತಳ್ಳಲು ಇರುವ ಬಂಡವಾಳ ಒಟ್ಟು 1 ಬಾರ್. ದಪ್ಪ ಆಯಿಲ್ ಶಾಂತವಾಗಿ ಹರಿಯುವಾಗ ಪೈಪಿನಲ್ಲಿ ಕಳೆದುಹೋಗುವ ಒತ್ತಡ ವ್ಯಾಸದ ನಾಲ್ಕನೇ ಘಾತಕ್ಕೆ ವಿಲೋಮವಾಗಿರುತ್ತದೆ: ವ್ಯಾಸ ಅರ್ಧವಾದರೆ ನಷ್ಟ 16 ಪಟ್ಟು. 25 ಡಿಗ್ರಿಯ ಈ ಆಯಿಲಿಗೆ 12.7 ಮಿಮೀ ಹೋಸಿನ 1 ಮೀಟರಿನಲ್ಲಿ ನಿಮಿಷಕ್ಕೆ 24 ಲೀಟರ್ ದಾಟಿಸಬೇಕಾದರೆ ಲೆಕ್ಕಕ್ಕೆ 1 ಬಾರೇ ಬೇಕು. ಅಂದರೆ ಸಾಧ್ಯವೇ ಇಲ್ಲ. 14 ಲೀಟರಿಗೆ 0.6 ಬಾರ್, ಜಾಲರಿ ಮತ್ತು ಮೂತಿಗಳದ್ದು ಸ್ವಲ್ಪ ಸೇರಿದರೆ ಗೇಜಿನ 0.65 ಹೊಂದುತ್ತದೆ. ಒತ್ತಡ ಅಷ್ಟು ಇಳಿದಾಗ ಆಯಿಲಿನಲ್ಲಿ ಕರಗಿದ್ದ ಗಾಳಿ ಹೊರಬಂದು ಗುಳ್ಳೆಯಾಗುತ್ತದೆ, ಒತ್ತಡದ ಬದಿಗೆ ಹೋದೊಡನೆ ಆ ಗುಳ್ಳೆಗಳು ಒಡೆಯುತ್ತವೆ. ಜಲ್ಲಿಕಲ್ಲಿನ ಸದ್ದು ಅದೇ. ಹೆಚ್ಚು ಹೊತ್ತು ಹೀಗೇ ಓಡಿಸಿದರೆ ಜೆರೋಟರಿನ ಹಲ್ಲು ಮತ್ತು ಮುಚ್ಚಳದ ಮೇಲೆ ಸಣ್ಣ ಗುಳಿಗಳು ಬೀಳುತ್ತವೆ.

ಹೋಸನ್ನು 25.4 ಮಿಮೀ ಮಾಡಿ, ಉದ್ದ 40 ಸೆಂಮೀಗೆ ಇಳಿಸಿ, ಟ್ಯಾಂಕನ್ನು ಪಂಪಿಗಿಂತ ಮೇಲಿಟ್ಟದ್ದಾಯಿತು. ಬೇರೇನೂ ಬದಲಿಸಲಿಲ್ಲ. ಇನ್‌ಲೆಟ್ ಮೈನಸ್ 0.05 ಬಾರಿಗೆ ಬಂತು, ಹರಿವು 19.5 ಲೀಟರಿಗೆ ಏರಿತು, ಸದ್ದು ನಿಂತಿತು. ಕರೆಂಟ್ ಒಂದು ಆಂಪಿಯರ್ ಹೆಚ್ಚಿತು, ಅಷ್ಟೇ. ಹೋಸ್ ಆರಿಸುವಾಗ ಸಕ್ಷನ್ನಿನಲ್ಲಿ ವೇಗ ಸೆಕೆಂಡಿಗೆ 1 ಮೀಟರಿನ ಆಸುಪಾಸಿನಲ್ಲಿ ಇರುವಂತೆ ನೋಡಿಕೊಂಡರೆ ತೊಂದರೆ ಬರುವುದಿಲ್ಲ. 30 ಲೀಟರಿಗೆ 25.4 ಮಿಮೀ ಎಂದರೆ ಸರಿಯಾಗಿ ಅಷ್ಟು. 19 ಮಿಮೀ ಆದರೆ 1.76, 12.7 ಮಿಮೀ ಆದರೆ ಸುಮಾರು 4.

ಆಮೇಲೆ ವೈರ್. 2.5 ಚದರ ಮಿಮೀ ತಾಮ್ರದ ವೈರಿನ ಅಡ್ಡಿ ಮೀಟರಿಗೆ ಸುಮಾರು 7.4 ಮಿಲಿಓಮ್. 6 ಮೀಟರಿಗೆ 44. ಅದರಲ್ಲಿ 38 ಆಂಪಿಯರ್ ಹರಿದರೆ 1.7 ವೋಲ್ಟ್ ವೈರಿನಲ್ಲೇ ಬಿಸಿಯಾಗಿ ಹೋಗುತ್ತದೆ. ಫ್ಯೂಸ್ ಹೋಲ್ಡರ್ ಮತ್ತು ರಿಲೇ ಸೇರಿ ಮತ್ತೆ 0.3. ಈ ಬಗೆಯ ಮೋಟರಿನ ವೇಗ ನಿರ್ಧಾರವಾಗುವುದು ಟರ್ಮಿನಲ್ ವೋಲ್ಟಿನಿಂದ ಕಾಯಿಲಿನ ಒಳನಷ್ಟ ಕಳೆದು ಉಳಿದುದರಿಂದ. 10.1 ವೋಲ್ಟಿನಲ್ಲಿ 38 ಆಂಪಿಯರ್ ಎಳೆಯುವಾಗ ಒಳಗೇ 3 ವೋಲ್ಟ್ ಹೋಗುತ್ತದೆ, ತಿರುಗಿಸಲು ಉಳಿಯುವುದು 7. ಹೊರಗೆ ಕಳೆದ 2 ವೋಲ್ಟ್ 12ರಲ್ಲಿ ಆರನೇ ಒಂದು ಪಾಲು ಎಂದು ಕಾಣುತ್ತದೆ, ಆದರೆ ತಿರುಗುವ ವೇಗದ ಲೆಕ್ಕಕ್ಕೆ ಅದು 9ರಲ್ಲಿ 2. ಹೊರೆ ಹೆಚ್ಚಿದ್ದಷ್ಟೂ ವೈರಿನ ನಷ್ಟ ಹೆಚ್ಚು ನೋಯಿಸುವುದು ಹೀಗೆ.

10 ಚದರ ಮಿಮೀ ವೈರ್, ಒತ್ತಿ ಕೂರಿಸಿದ ಲಗ್‌ಗಳು, ಸಪ್ಲೈ ಆನ್. ಟರ್ಮಿನಲ್ಲಿನಲ್ಲಿ 13.2 ವೋಲ್ಟ್, 43 ಆಂಪಿಯರ್, ಅದೇ 3 ಬಾರಿನಲ್ಲಿ, ಅದೇ 25 ಡಿಗ್ರಿಯಲ್ಲಿ ನಿಮಿಷಕ್ಕೆ 27.5 ಲೀಟರ್. ಪಂಪು ಅದೇ, 14 ಲೀಟರಿನದು 27.5 ಆಯಿತು. ಮೊದಲಿನ 30 ಆಂಪಿಯರಿನ ಚೌಕ ರಿಲೇ ಈ ಕರೆಂಟಿಗೆ ಆಗಲೇ ಬೆಚ್ಚಗಾಗಿತ್ತು, ಅದರ ಜಾಗಕ್ಕೆ 70 ಆಂಪಿಯರಿನದು ಬಂತು.

ನೊರೆ ಹೇಳಿದ ಸುಳ್ಳು

ಬಿಸಿ ಆಯಿಲಿನ ಓಟ ಶುರುವಾದಾಗ ಮೀಟರ್ 4 ಬಾರಿನಲ್ಲಿ 25 ಲೀಟರ್ ತೋರಿಸುತ್ತಿತ್ತು. ಚೆನ್ನಾದ ಅಂಕಿ. ಅಂಥ ಅಂಕಿಯನ್ನೇ ಮೊದಲು ಅನುಮಾನಿಸಬೇಕು. ವಾಪಸ್ ಪೈಪು ಆಯಿಲಿನ ಮಟ್ಟಕ್ಕಿಂತ ಒಂದು ಗೇಣು ಮೇಲೆ ಸುರಿಯುತ್ತಿತ್ತು, ಮೇಲ್ಮೈಯಲ್ಲಿ ನೊರೆ ಕಟ್ಟಿತ್ತು. ಗೇರ್ ಮಾದರಿಯ ಮೀಟರಿಗೆ ಆಯಿಲೂ ಒಂದೇ, ಗಾಳಿಯೂ ಒಂದೇ. ತನ್ನ ಹಲ್ಲುಗಳ ಸಂದು ತುಂಬಿದ್ದನ್ನೆಲ್ಲ ಎಣಿಸುತ್ತದೆ.

ಇದಕ್ಕೆ ತಕ್ಕಡಿಯೇ ಸಾಕ್ಷಿ. ವಾಪಸ್ ಹರಿವನ್ನು 20 ಸೆಕೆಂಡ್ ಕಾಲ ಗಟ್ಟಿಯಾಗಿ ಕಟ್ಟಿದ ಪೈಪಿನ ಮೂಲಕ ಉಕ್ಕಿನ ಬಕೆಟ್ಟಿಗೆ ತಿರುಗಿಸಿ ತೂಗಿದಾಗ ಸಿಕ್ಕಿದ್ದು 5.95 ಕೆಜಿ. 90 ಡಿಗ್ರಿಯಲ್ಲಿ ಈ ಆಯಿಲಿನ ಸಾಂದ್ರತೆ ಲೀಟರಿಗೆ 0.82 ಕೆಜಿ (15 ಡಿಗ್ರಿಯಲ್ಲಿ 0.865 ಇದ್ದದ್ದು ಬಿಸಿಯಾಗಿ ಹಿಗ್ಗಿದ್ದರಿಂದ ಇಳಿಯುತ್ತದೆ). ಭಾಗಿಸಿದರೆ ನಿಮಿಷಕ್ಕೆ 21.8 ಲೀಟರ್. ಮೀಟರ್ ಹೇಳಿದ 25ರಲ್ಲಿ 3 ಲೀಟರಿಗೂ ಹೆಚ್ಚು ಗಾಳಿ. ವಾಪಸ್ ಪೈಪಿನ ಬಾಯಿಯನ್ನು ಆಯಿಲಿನೊಳಗೆ ಮುಳುಗಿಸಿ, ಅಡ್ಡತಗಡಿನ ಆಚೆ ಬದಿಗೆ ತಿರುಗಿಸಿ, ನೊರೆ ಇಳಿಯುವವರೆಗೆ ಕಾದ ಮೇಲೆ ಅದೇ 20 ಸೆಕೆಂಡಿಗೆ 6.7 ಕೆಜಿ ಬಂತು, ಅಂದರೆ 24.5 ಲೀಟರ್; ಮೀಟರೂ 24.5 ಎಂದಿತು. ಇಷ್ಟಾದ ಮೇಲೆಯೇ ಬಿಸಿ ಅಳತೆಗಳನ್ನು ಬರೆಯಲು ಶುರುಮಾಡಿದ್ದು. ತೂಗುವಾಗ ಟ್ಯಾಂಕಿನ ಮಟ್ಟ ಅರ್ಧಕ್ಕೆ ಇಳಿಯುತ್ತದೆ, ಜಾಲರಿ ಮುಳುಗಿಯೇ ಇರುವಂತೆ ನೋಡಿಕೊಳ್ಳಬೇಕು. ಇಲ್ಲದಿದ್ದರೆ ಹೋದ ಗಾಳಿ ಮತ್ತೆ ಬರುತ್ತದೆ.

ಬಿಸಿಯಲ್ಲಿ ಪಂಪಿನ ನಿಜವಾದ ಅಳತೆ

ಆಯಿಲ್ 90 ಡಿಗ್ರಿ, ಟರ್ಮಿನಲ್ಲಿನಲ್ಲಿ 13.5 ವೋಲ್ಟ್ (ಹೊರೆ ಬದಲಾದಂತೆ ಸಪ್ಲೈಯನ್ನು ತಿರುಗಿಸಿ ಟರ್ಮಿನಲ್ ವೋಲ್ಟನ್ನು ಕಾಯ್ದುಕೊಳ್ಳಬೇಕು). ಪ್ರತಿ ಬಿಂದುವಿನಲ್ಲೂ ಒಂದು ನಿಮಿಷ ನಿಲ್ಲಿಸಿ ಓದು. ಒತ್ತಡ ಏರಿಸುತ್ತ ಒಮ್ಮೆ, ಇಳಿಸುತ್ತ ಒಮ್ಮೆ.

0.5 ಬಾರ್: 36 ಲೀಟರ್, 9 ಆಂಪಿಯರ್
2 ಬಾರ್: 31 ಲೀಟರ್, 16 ಆಂಪಿಯರ್
3 ಬಾರ್: 28 ಲೀಟರ್, 23 ಆಂಪಿಯರ್
4 ಬಾರ್: 24.5 ಲೀಟರ್, 30 ಆಂಪಿಯರ್
4.6 ಬಾರ್: 22 ಲೀಟರ್, 34 ಆಂಪಿಯರ್
5 ಬಾರ್: 13 ಲೀಟರ್, 36 ಆಂಪಿಯರ್

4.8 ಬಾರಿನ ಹೊತ್ತಿಗೆ ರಿಲೀಫ್ ವಾಲ್ವ್ ಬಾಯಿ ಬಿಡಲು ಶುರುಮಾಡುತ್ತದೆ, ಆದ್ದರಿಂದಲೇ ಕೊನೆಯ ಸಾಲಿನಲ್ಲಿ ಹರಿವು ದಿಢೀರನೆ ಬಿದ್ದಿದೆ. ಲೇಬಲ್ಲಿನ ಎರಡು ಅಂಕಿಗಳಲ್ಲಿ ಮೊದಲನೆಯದು ಈ ಪಟ್ಟಿಯ ಮೇಲ್ತುದಿ, ಎರಡನೆಯದು ಕೆಳತುದಿ. ಎಂಜಿನ್ ಬದುಕುವುದು ಇವೆರಡರ ನಡುವೆ.

4 ಬಾರ್, 24.5 ಲೀಟರ್ ಎಂದರೆ ಆಯಿಲಿಗೆ ಸೇರಿದ ಶಕ್ತಿ: ಬಾರನ್ನು ಲೀಟರಿಗೆ ಗುಣಿಸಿ 600ರಿಂದ ಭಾಗಿಸಿದರೆ ಕಿಲೋವ್ಯಾಟ್, ಅಂದರೆ 163 ವ್ಯಾಟ್. ಬ್ಯಾಟರಿಯಿಂದ ಹೋದದ್ದು 405 ವ್ಯಾಟ್. ದಕ್ಷತೆ 40 ಪ್ರತಿಶತ. ಇಷ್ಟು ಗಾತ್ರದ ಬ್ರಷ್ ಮೋಟರ್ ಮತ್ತು ಜೆರೋಟರ್ ಜೋಡಿಗೆ ಇದು ಕಳಪೆಯೇನಲ್ಲ. ಪಂಪಿನಲ್ಲಿ ದೋಷವಿಲ್ಲ ಎಂಬುದಂತೂ ಇಲ್ಲಿಗೆ ಖಚಿತವಾಯಿತು.

ಎಂಜಿನ್ ಕೇಳುವುದೆಷ್ಟು

ಇದನ್ನು ಊಹಿಸಬಾರದು, ಅಳೆಯಬೇಕು. ನಿಂತ ಎಂಜಿನ್ನಿಗೆ ಬೆಂಚಿನಿಂದ ಆಯಿಲ್ ತಳ್ಳಿ ಅಳೆಯುವವರಿದ್ದಾರೆ. ಶಾಫ್ಟ್ ತಿರುಗದಿರುವಾಗ ಬೇರಿಂಗಿನಿಂದ ಸೋರುವುದಕ್ಕೂ ತಿರುಗುವಾಗ ಸೋರುವುದಕ್ಕೂ ಹೋಲಿಕೆ ಇರುವುದಿಲ್ಲ. ಈ ಎಂಜಿನ್ನಿನಲ್ಲಿ ಮೆಕ್ಯಾನಿಕಲ್ ಪಂಪಿನ ರಿಲೀಫ್ ವಾಲ್ವ್ ಪಂಪಿನ ಮೈಯಲ್ಲೇ, ಫಿಲ್ಟರಿಗಿಂತ ಮೊದಲೇ ಇದೆ. ಹಾಗಾಗಿ ಫಿಲ್ಟರ್ ದಾಟಿದ್ದೆಲ್ಲ ಎಂಜಿನ್ ಉಂಡ ಆಯಿಲೇ. ಫಿಲ್ಟರನ್ನು ಅಡಾಪ್ಟರ್ ಮತ್ತು ಹೋಸುಗಳಿಂದ ಹೊರಗೆ ತಂದು, ನಡುವೆ ಅದೇ ಫ್ಲೋ ಮೀಟರ್ ಕೂರಿಸಿ, ಮೆಕ್ಯಾನಿಕಲ್ ಪಂಪಿನಿಂದಲೇ ಎಂಜಿನ್ ಓಡಿಸಿ 90 ಡಿಗ್ರಿಯಲ್ಲಿ ಓದಿದಾಗ:

850 ಆರ್‌ಪಿಎಂ: 1.3 ಬಾರ್, 9 ಲೀಟರ್
3000: 3.2 ಬಾರ್, 19 ಲೀಟರ್
4500: 4.0 ಬಾರ್, 25 ಲೀಟರ್
6500: 4.6 ಬಾರ್, 31 ಲೀಟರ್

ಎರಡೂ ಪಟ್ಟಿಗಳನ್ನು ಒಂದೇ ಗ್ರಾಫ್ ಹಾಳೆಯ ಮೇಲೆ ಎಳೆದರೆ 4500 ಆರ್‌ಪಿಎಂ ಹತ್ತಿರ ಗೆರೆಗಳು ಕೂಡುತ್ತವೆ. ಅದಕ್ಕಿಂತ ಕೆಳಗೆ ಎಲೆಕ್ಟ್ರಿಕ್ ಪಂಪು ಬೇಕಾದ್ದಕ್ಕಿಂತ ಹೆಚ್ಚು ಕೊಡುತ್ತದೆ, ಐಡಲಿನಲ್ಲಂತೂ ಮೂರು ಪಟ್ಟಿಗೂ ಹೆಚ್ಚು. ಮೇಲೆ ಸಾಲುವುದಿಲ್ಲ. 6500ರಲ್ಲಿ ಎಂಜಿನ್ 4.6 ಬಾರಿಗೆ 31 ಲೀಟರ್ ಕೇಳುವಾಗ ಪಂಪಿನ ಬಳಿ ಇರುವುದು 22. ಹಾಗೆಂದು ಒತ್ತಡ ಸೊನ್ನೆಗೆ ಬೀಳುವುದಿಲ್ಲ: ಒತ್ತಡ ಇಳಿದಂತೆ ಎಂಜಿನ್ ಕುಡಿಯುವುದೂ ಇಳಿಯುತ್ತದೆ, ಪಂಪು ಕೊಡುವುದು ಏರುತ್ತದೆ, ಇಬ್ಬರೂ 3.7 ಬಾರಿನ ಸುಮಾರಿಗೆ ರಾಜಿಯಾಗುತ್ತಾರೆ.

3.7 ಬಾರ್ ಪರವಾಗಿಲ್ಲ ಎನ್ನುವವರಿಗೆ ಮುಂದಿನ ಓಟದ ಅಂಕಿ. ಟ್ರ್ಯಾಕಿನಲ್ಲಿ ಆಯಿಲ್ 90ರಲ್ಲಿ ನಿಲ್ಲುವುದಿಲ್ಲ. 120 ಡಿಗ್ರಿಯಲ್ಲಿ ಸ್ನಿಗ್ಧತೆ 18ರಿಂದ 9.5 ಸೆಂಟಿಸ್ಟೋಕಿಗೆ ಇಳಿಯುತ್ತದೆ, ಜೆರೋಟರಿನ ಸಂದುಗಳಲ್ಲಿ ಆಯಿಲ್ ಹಿಂದಕ್ಕೆ ಜಾರುತ್ತದೆ. ಬೆಂಚಿನಲ್ಲಿ 4 ಬಾರಿನ ಹರಿವು 24.5ರಿಂದ 20ಕ್ಕೆ ಬಿತ್ತು. ಅದೇ ಹೊತ್ತಿಗೆ ಎಂಜಿನ್ನಿನ ಬೇರಿಂಗುಗಳು ಹೆಚ್ಚು ಸೋರುತ್ತವೆ. ಎರಡೂ ಸೇರಿ 6500 ಆರ್‌ಪಿಎಂನಲ್ಲಿ ಗ್ಯಾಲರಿ (ಎಂಜಿನ್ನಿನೊಳಗೆ ಆಯಿಲ್ ಹಂಚುವ ಮುಖ್ಯ ಕಾಲುವೆ) ಒತ್ತಡದ ಅಂದಾಜು 2.7 ಬಾರ್. ಈಗ ಕ್ರ್ಯಾಂಕನ್ನು ನೋಡಿ. ಇದರ ಮೇನ್ ಜರ್ನಲ್ (ಬೇರಿಂಗಿನೊಳಗೆ ತಿರುಗುವ ದುಂಡು ಭಾಗ) 54 ಮಿಮೀ ವ್ಯಾಸದ್ದು, ಕನೆಕ್ಟಿಂಗ್ ರಾಡಿಗೆ ಹೋಗುವ ರಂಧ್ರ ಜರ್ನಲ್ಲಿನ ನಡುವಿನ ಮೂಲಕ ಕೊರೆದದ್ದು. ಆಯಿಲ್ ಹೊರಮೈಯಿಂದ ಒಳಗೆ, ನಡುವಿನವರೆಗೆ ಹೋಗಬೇಕಾದರೆ ತಿರುಗುವಿಕೆ ಹೊರಕ್ಕೆ ಎಸೆಯುವುದನ್ನು ಎದುರಿಸಬೇಕು. 6500 ಆರ್‌ಪಿಎಂನಲ್ಲಿ ಅದೊಂದಕ್ಕೇ ಸುಮಾರು 1.4 ಬಾರ್ ಹೋಗುತ್ತದೆ, ವೇಗದ ವರ್ಗದಂತೆ ಏರುತ್ತದೆ. 2.7ರಲ್ಲಿ ಅದನ್ನು ಕಳೆದರೆ ಉಳಿಯುವುದು 1.3. ತಿರುವಿನಲ್ಲಿ ಕಾರು ವಾಲಿ ಸಂಪಿನ (ಎಂಜಿನ್ನಿನ ತಳದ ತೊಟ್ಟಿಯ) ಆಯಿಲ್ ಒಂದು ಬದಿಗೆ ಹೋದಾಗ ಪಂಪಿಗೆ ಒಂದು ಗುಟುಕು ಗಾಳಿ ಸಿಕ್ಕರೆ ಮೊದಲು ಹೋಗುವುದು ರಾಡಿನ ಬೇರಿಂಗ್.

ಮೆಕ್ಯಾನಿಕಲ್ ಪಂಪಿನ ಗುಣ ಇಲ್ಲೇ ಗೊತ್ತಾಗುವುದು. ಎಂಜಿನ್ ಜೋರಾದಂತೆ ಅದೂ ಜೋರಾಗುತ್ತದೆ. ಎಲೆಕ್ಟ್ರಿಕ್ ಪಂಪಿಗೆ ಎಂಜಿನ್ನಿನ ವೇಗ ಗೊತ್ತೇ ಇಲ್ಲ, ಆಲ್ಟರ್ನೇಟರ್ ಕೊಟ್ಟ ವೋಲ್ಟಿನಲ್ಲಿ ತನ್ನ ಪಾಡಿಗೆ ತಾನು ತಿರುಗುತ್ತಿರುತ್ತದೆ.

ಕ್ರ್ಯಾಂಕಿನ ಹೊರೆ ಇಳಿಸುವ ಮಾತಿಗೆ ಬರೋಣ. ದೊಡ್ಡ ಪಂಪು ಹಾಕಿ 4.6 ಬಾರ್, 31 ಲೀಟರ್ ತಲುಪಿಸಿದರೆಂದೇ ಇಟ್ಟುಕೊಳ್ಳಿ. ಆಯಿಲಿಗೆ 238 ವ್ಯಾಟ್. 40 ಪ್ರತಿಶತ ದಕ್ಷತೆಗೆ ಬ್ಯಾಟರಿಯಿಂದ ಸುಮಾರು 600, ಅಂದರೆ 44 ಆಂಪಿಯರ್. ಆಲ್ಟರ್ನೇಟರಿನ ದಕ್ಷತೆ 60 ಪ್ರತಿಶತ ಎಂದರೂ ಬೆಲ್ಟಿನ ಮೂಲಕ ಕ್ರ್ಯಾಂಕಿನಿಂದ ಹೋಗುವುದು 1 ಕಿಲೋವ್ಯಾಟ್. ಸುತ್ತಿಗೆ 12 ಸಿಸಿಯ ಮೆಕ್ಯಾನಿಕಲ್ ಪಂಪು 6500ರಲ್ಲಿ 78 ಲೀಟರ್ ಎತ್ತಿ ಅರ್ಧಕ್ಕೂ ಹೆಚ್ಚನ್ನು ರಿಲೀಫಿನಲ್ಲಿ ಚೆಲ್ಲುತ್ತದೆ, ಆ ವ್ಯರ್ಥವೆಲ್ಲ ಸೇರಿ ಅದೂ 1 ಕಿಲೋವ್ಯಾಟಿನ ಸುತ್ತಮುತ್ತ. ಪೂರ್ತಿ ಹೊರೆಯಲ್ಲಿ ಉಳಿತಾಯ ಸೊನ್ನೆ.

ಎರಡು ಗಂಟೆಯ ಓಟ

4 ಬಾರ್, 90 ಡಿಗ್ರಿ, 13.5 ವೋಲ್ಟಿನಲ್ಲಿ ಬಿಡದೆ ಎರಡು ಗಂಟೆ ಓಡಿಸಿದಾಗ ಮೋಟರಿನ ಹೊರಮೈ 112 ಡಿಗ್ರಿಗೆ ಹೋಯಿತು. ಕರೆಂಟ್ 30ರಿಂದ 33ಕ್ಕೆ ಏರಿ ಹರಿವು 23.5ಕ್ಕೆ ಇಳಿಯಿತು. ಕಾರಣ ಎರಡು: ಬಿಸಿಯಾದ ತಾಮ್ರದ ಅಡ್ಡಿ ಡಿಗ್ರಿಗೆ ಸುಮಾರು 0.4 ಪ್ರತಿಶತ ಏರುತ್ತದೆ, ಫೆರೈಟ್ ಅಯಸ್ಕಾಂತದ ಬಲ ಡಿಗ್ರಿಗೆ ಸುಮಾರು 0.2 ಪ್ರತಿಶತ ಇಳಿಯುತ್ತದೆ. ಅಷ್ಟೇ ಬಲಕ್ಕೆ ಹೆಚ್ಚು ಕರೆಂಟ್, ಹೆಚ್ಚು ಕರೆಂಟಿಗೆ ಹೆಚ್ಚು ಬಿಸಿ. ಇದು ಗಾಳಿಯಾಡುವ ಬೆಂಚಿನ ಮೇಲಿನ ಅಂಕಿ. ಟರ್ಬೊದ ಪಕ್ಕದಲ್ಲಿ ಹೀಗಿರದು.

ತೀರ್ಮಾನ ಮತ್ತು ಜೋಡಣೆ

ಮೆಕ್ಯಾನಿಕಲ್ ಪಂಪು ಇದ್ದಲ್ಲೇ ಉಳಿಯಿತು. ಎಲೆಕ್ಟ್ರಿಕ್ ಪಂಪಿಗೆ ಅದು ಚೆನ್ನಾಗಿ ಮಾಡಬಲ್ಲ ಎರಡು ಕೆಲಸ: ಸ್ಟಾರ್ಟಿಗೆ ಮೊದಲು ಗ್ಯಾಲರಿ ತುಂಬುವುದು, ನಿಲ್ಲಿಸಿದ ಮೇಲೆ ಟರ್ಬೊಗೆ ಆಯಿಲ್ ಹರಿಸುವುದು. ಎರಡಕ್ಕೂ ಬೇಕಾದದ್ದು 1 ಬಾರಿನ ಆಸುಪಾಸು, ಕೆಲವೇ ನಿಮಿಷ. ಫ್ಯೂಸ್ ಹೋದರೂ ಎಂಜಿನ್ ಉಳಿಯುತ್ತದೆ.

ಇದಕ್ಕೆ ಔಟ್‌ಲೆಟ್ಟಿನಲ್ಲಿ ಹಿಂದಕ್ಕೆ ಬಿಡದ ಚೆಕ್ ವಾಲ್ವ್ ಕಡ್ಡಾಯ. ಅದಿಲ್ಲದಿದ್ದರೆ ಎಂಜಿನ್ ಓಡುವಾಗ ಮೆಕ್ಯಾನಿಕಲ್ ಪಂಪಿನ ಆಯಿಲ್ ನಿಂತ ಜೆರೋಟರನ್ನು ಉಲ್ಟಾ ತಿರುಗಿಸಿಕೊಂಡು ನೇರ ಸಂಪಿಗೆ ಹೋಗುತ್ತದೆ, ಗ್ಯಾಲರಿಯಲ್ಲಿ ಒತ್ತಡವೇ ಉಳಿಯುವುದಿಲ್ಲ. ಚೆಕ್ ವಾಲ್ವನ್ನೂ ಬೆಂಚಿನಲ್ಲಿ ಉಲ್ಟಾ ಕಟ್ಟಿ ಬಿಸಿ ಆಯಿಲಿನಿಂದ 5 ಬಾರ್ ಕೊಟ್ಟು ನೋಡಿದ್ದಾಯಿತು. ಹನಿ ಹನಿಯಾಗಿ ಸೋರಿದರೆ ಅಡ್ಡಿಯಿಲ್ಲ, ದಾರವಾಗಿ ಸೋರಿದರೆ ಬದಲಿಸಬೇಕು.

ಎಂಜಿನ್ ನಿಲ್ಲಿಸಿದ ಮೇಲಿನ ಓಟಕ್ಕೆ ಪೂರ್ತಿ ವೋಲ್ಟ್ ಕೊಡಬಾರದು. ತಿರುಗದ ಟರ್ಬೊಗೆ ಜೋರಾಗಿ ಆಯಿಲ್ ತಳ್ಳಿದರೆ ಡ್ರೈನ್ ಪೈಪಿನಲ್ಲಿ ಇಳಿಯುವುದಕ್ಕಿಂತ ಹೆಚ್ಚು ಬಂದು, ಸೀಲ್ ದಾಟಿ ಎಕ್ಸಾಸ್ಟಿಗೋ ಇಂಟೇಕಿಗೋ ಸೇರುತ್ತದೆ, ಮುಂದಿನ ಸ್ಟಾರ್ಟಿನಲ್ಲಿ ನೀಲಿ ಹೊಗೆ. ವೋಲ್ಟನ್ನು ತುಣುಕು ತುಣುಕಾಗಿ ಕೊಡುವ ಪಲ್ಸ್ ಕಂಟ್ರೋಲರ್ ಹಾಕಿ ಗ್ಯಾಲರಿಯಲ್ಲಿ 0.8 ಬಾರ್ ಮೀರದಂತೆ ಹೊಂದಿಸಿ, ಟೈಮರನ್ನು 3 ನಿಮಿಷಕ್ಕೆ ಇಡಲಾಯಿತು. ಆ ಹೊರೆಯಲ್ಲಿ ಬ್ಯಾಟರಿಗೆ ಒಂದು ಆಂಪಿಯರ್-ಅವರ್ ಖರ್ಚೂ ಇಲ್ಲ.

ಪಂಪನ್ನು ಸಂಪಿನ ಆಯಿಲ್ ಮಟ್ಟಕ್ಕಿಂತ ಕೆಳಗೆ ಕೂರಿಸಿ, ಸಕ್ಷನ್ 25.4 ಮಿಮೀ, ಉದ್ದ ಅರ್ಧ ಮೀಟರಿನೊಳಗೆ, ವೈರ್ 10 ಚದರ ಮಿಮೀ, ನೆಗೆಟಿವ್ ವೈರನ್ನು ಬಾಡಿಗೆ ಕಟ್ಟದೆ ಬ್ಯಾಟರಿಯವರೆಗೂ ಎಳೆದು ಜೋಡಿಸಿದ ಮೇಲೆ ಕಾರಿನಲ್ಲಿ ಮತ್ತೊಮ್ಮೆ ಅಳೆಯಬೇಕಾದದ್ದು ಎರಡು. ಒಂದು, ಪಂಪು ಓಡುವಾಗ ಅದರ ಟರ್ಮಿನಲ್ಲಿನ ವೋಲ್ಟ್: ಎಂಜಿನ್ ನಿಂತಿರುವಾಗ 12ರ ಹತ್ತಿರ ಇರಬೇಕು, 11.5ಕ್ಕಿಂತ ಕೆಳಗಿದ್ದರೆ ಎಲ್ಲೋ ಲಗ್ ಸಡಿಲ. ಎರಡು, ರಾತ್ರಿಯಿಡೀ ನಿಂತು ತಣ್ಣಗಾದ ಎಂಜಿನ್ನಿನಲ್ಲಿ ಪಂಪು ಆನ್ ಮಾಡಿದ ಮೇಲೆ ಗ್ಯಾಲರಿ 1 ಬಾರ್ ತಲುಪಲು ಹಿಡಿಯುವ ಹೊತ್ತು. ಈ ಕಾರಿನಲ್ಲಿ 8 ಸೆಕೆಂಡ್. ಸ್ಟಾರ್ಟರಿನ ರಿಲೇಯನ್ನು ಆ 1 ಬಾರಿನ ಪ್ರೆಶರ್ ಸ್ವಿಚ್ಚಿನ ಮೂಲಕವೇ ಜೋಡಿಸಿದೆ, ಜೊತೆಗೆ 20 ಸೆಕೆಂಡಿನ ಮಿತಿ: ಅಷ್ಟರಲ್ಲಿ ಒತ್ತಡ ಬರದಿದ್ದರೆ ಪಂಪು ತಾನೇ ನಿಲ್ಲುತ್ತದೆ, ಡ್ಯಾಶಿನ ಮೇಲೆ ಕೆಂಪು ದೀಪ ಹತ್ತುತ್ತದೆ, ಸ್ಟಾರ್ಟರ್ ತಿರುಗುವುದಿಲ್ಲ.